ಬಿಡಿಸಿ ಓದಿ

ನಮ್ಮೂರಿನಲ್ಲಿ ಯಾರೂ ಸುಮ್ಮಸುಮ್ಮನೆ ‘ಹೂಂ’ ಅನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಕೇಳಿದ್ದು ನಡೆದೇ ತೀರುತ್ತದೆ. ಮೀನಿನವಳು ಗೇಟಿನ ಹತ್ತಿರ ನಿಂತು ಎರಡು ಬಂಗಡೆ ಹಾಕ್ಲಾ ಅಕ್ಕಾ ಎಂದು ಕೇಳಿದಾಗ, ಬೇರೇನೋ ಧ್ಯಾನದಲ್ಲಿ ಹೂಂ ಅಂದವರ ಅಡುಗೆಮನೆಯಲ್ಲಿ, ಅವಳು ಬುಟ್ಟಿ ಹೊತ್ತು ಮುಂದಿನ ಬೀದಿಗೆ ಹೋದ ಮೇಲೂ, ಎರಡು ಬಂಗಡೆ ಬಂದು ಬಿದ್ದಿರುತ್ತವೆ. ಕಥೆ ಹೇಳುವ ಅಜ್ಜಿಯರು ಮೊದಲು ಮಕ್ಕಳ ಬಾಯಿಗೆ ಒಂದೊಂದು ಹಿಡಿ ಪುರಿ ತುಂಬುತ್ತಾರೆ. ರಾಕ್ಷಸ ಬಂದ ಅನ್ನುವ ಹೊತ್ತಿಗೆ ಮಗು ಹೂಂಗುಟ್ಟಿದರೆ ಗತಿಯೇನು? ಫೋನಿನಲ್ಲಿ ನಾವು ‘ಕೇಳ್ತಿದೀನಿ, ಕೇಳ್ತಿದೀನಿ’ ಅನ್ನುತ್ತೇವೆ. ಹೊರಗಿನಿಂದ ಬಂದ ಸೊಸೆಯರಿಗೆ ಮೊದಲ ಆರು ತಿಂಗಳು ಕಷ್ಟ, ಆಮೇಲೆ ರೂಢಿಯಾಗುತ್ತದೆ. ಕಚೇರಿಗೆ ಹೋಗುವಾಗಲಂತೂ ಎಲ್ಲರೂ ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡೇ ಹೋಗುವುದು.

ಇಂಥ ಊರಿನಲ್ಲಿ ನಲವತ್ತಮೂರು ವರ್ಷ ಬದುಕಿದವಳು ನಾನು, ಇಂದ್ರಾಣಿ. ಪೇಟೆಬೀದಿಯ ಹಿಟ್ಟಿನ ಗಿರಣಿ ನಮ್ಮದು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂತ ಜನ ಹೇಳುತ್ತಾರೆ, ಸುಳ್ಳಲ್ಲ. ಮದುವೆಯಾಗಲಿಲ್ಲ, ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ. ಮನೆಯಲ್ಲಿ ನಾನು ಮತ್ತು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಾದ ಅಣ್ಣ ಪರಮೇಶಿ. ಹುಟ್ಟಿದಾಗಿನಿಂದ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಓದು ಬರಹ ಹತ್ತಲಿಲ್ಲ. ಆದರೆ ಗಿರಣಿಯಲ್ಲಿ ಅವನಿಲ್ಲದೆ ನನಗೆ ಒಂದು ದಿನವೂ ನಡೆಯುವುದಿಲ್ಲ. ಸಾಲಾಗಿ ಇಟ್ಟ ನಲವತ್ತು ಡಬ್ಬಗಳಲ್ಲಿ ಯಾವುದು ಯಾರ ಮನೆಯದು ಎಂದು ಅವನು ಒಮ್ಮೆಯೂ ತಪ್ಪಿಲ್ಲ. ಅಕ್ಕಿ ಮೊದಲು, ಗೋಧಿ ಆಮೇಲೆ, ರಾಗಿ ಕೊನೆಗೆ. ಯಾರಾದರೂ ಅವಸರದವರು ನಡುವೆ ರಾಗಿ ಸುರಿಯಲು ಬಂದರೆ ಅಣ್ಣ ಎರಡೂ ಕೈ ಅಡ್ಡ ಹಿಡಿದು ನಿಂತುಬಿಡುತ್ತಾನೆ.

ಮೊದಲು ಅವನು ಮಾತಾಡುತ್ತಿದ್ದ. ನಿಧಾನವಾಗಿ, ಒಂದೊಂದೇ ಪದ ಹುಡುಕಿ, ಆದರೆ ಮಾತಾಡುತ್ತಿದ್ದ. ಏಳು ವರ್ಷದ ಹಿಂದೆ ಅಮ್ಮ ಹೋದ ಮೇಲೆ ಅದು ನಿಂತುಹೋಯಿತು. ದುಃಖ ಒಳಗೇ ಕೂತುಬಿಟ್ಟಿದೆ ಎಂದು ನಾನು ಎಲ್ಲರಿಗೂ ಹೇಳಿದೆ. ಅವನಿಗೆ ಏನು ಬೇಕು ಅನ್ನುವುದು ಹೇಗೂ ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ.

ಅಣ್ಣನಂಥವರಿಗೆಲ್ಲ ನಮ್ಮೂರಿನಲ್ಲಿ ಬೆಂಬಲ ಕಚೇರಿ ಅಂತ ಒಂದಿದೆ. ವರ್ಷಕ್ಕೊಮ್ಮೆ ಕರೆಯುತ್ತಾರೆ. ಮೇಜಿನ ಆಚೆ ಚಿದಾನಂದಯ್ಯ ಎಂಬ ಅಧಿಕಾರಿ, ಈಚೆ ನಾವು. ಚಿದಾನಂದಯ್ಯ ಕೆಟ್ಟವರಲ್ಲ. ಆದರೆ ಆ ಕಚೇರಿಯಲ್ಲಿ ಒಂದು ಪದವನ್ನೂ ಪೂರ್ತಿ ಹೇಳುವ ಪದ್ಧತಿಯಿಲ್ಲ. ‘ವೈ.ಬೆಂ.ಯೋ. ನವೀಕರಣ ಆಗಬೇಕು. ದೈ.ಜೀ.ಚ. ಅರವತ್ತು. ಸಾ.ಭಾ. ಕಡಿಮೆ. ಕ.ನಿ.ಪ. ನೋಡ್ಕೊಳ್ಳೋಣ’ ಎಂದು ಓದುತ್ತಾ ಹೋಗುತ್ತಾರೆ. ಅರ್ಥ ಕೇಳಲು ನಾಚಿಕೆ. ಇಷ್ಟು ವರ್ಷ ಬಂದವಳು ಈಗ ಕೇಳಿದರೆ, ಇಷ್ಟು ದಿನ ಏನು ಕೇಳಿಸಿಕೊಂಡೆ ಅನ್ನುವುದಿಲ್ಲವೇ? ಹಾಗಾಗಿ ನಾನು ಎಲೆಯಡಿಕೆ ಜಗಿಯುತ್ತಾ ಮುಖ ಗಂಭೀರ ಮಾಡಿಕೊಂಡು ಕೂರುತ್ತಿದ್ದೆ.

ಈ ಸಲ ಎಲೆಯಡಿಕೆ ಮರೆತು ಹೋಗಿದ್ದೆ. ಹಿಂದಿನ ದಿನ ಗಿರಣಿಯ ಬೆಲ್ಟು ಹರಿದು, ಹೊಸದು ಹಾಕುವುದರೊಳಗೆ ಸೊಂಟ ಬಿದ್ದುಹೋಗಿತ್ತು. ಆದರೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಷ್ಟರಲ್ಲಿ ಚಿದಾನಂದಯ್ಯ ಫೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ‘ತುಂಬಾ ದಣಿದಿದ್ದೀರಮ್ಮ. ಎಷ್ಟು ವರ್ಷ ಅಂತ ಒಬ್ಬರೇ ಮಾಡ್ತೀರಾ? ಪೂ.ಆ.ವ. ಮಾಡಿಬಿಟ್ರೆ ನಿಮಗೂ ಸ್ವಲ್ಪ ಸುಧಾರಿಸಿಕೊಂಡ ಹಾಗಾಗುತ್ತೆ, ಅಲ್ವಾ?’ ಅಂದರು.

ದಣಿದಿದ್ದೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹೂಂ ಅಂದುಬಿಟ್ಟೆ.

ಚಿದಾನಂದಯ್ಯ ಬರೆದುಕೊಂಡರು. ಪಕ್ಕದಲ್ಲಿ ಅಣ್ಣ ತನ್ನ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಿದ್ದ.

ಮರುದಿನ ಬೆಳಗ್ಗೆ ಅವನ ಚಪ್ಪಲಿ ಇರಲಿಲ್ಲ. ನಾಯಿ ಎಳೆದಿರಬೇಕು ಅಂದುಕೊಂಡೆ. ಅದರ ಮರುದಿನ ಅವನು ಕಾಫಿ ಕುಡಿಯುವ ಲೋಟ ಇಲ್ಲ. ಮೂರನೆಯ ದಿನ ಕಂಬಳಿ ಇಲ್ಲ. ಅಣ್ಣ ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕಿ ಹುಡುಕಿ ನನ್ನ ಮುಖ ನೋಡಿದ. ಗಿರಣಿಗೆ ಬೀಗ ಹಾಕಿ ಜುಲೇಖಾ ಆಪಾ ಮನೆಗೆ ಓಡಿದೆ.

ಜುಲೇಖಾ ಆಪಾ ನಮ್ಮ ಬೀದಿಯ ಕೊನೆಯಲ್ಲಿ ಬಳೆ ಅಂಗಡಿ ಇಟ್ಟಿದ್ದಾರೆ. ಅವರ ಮಗಳ ಫೈಲೂ ಅದೇ ಕಚೇರಿಯಲ್ಲಿದೆ. ಆಪಾ ಹತ್ತೊಂಬತ್ತು ವರ್ಷದಿಂದ ಪ್ರತಿ ಸಭೆಯಲ್ಲಿ ಒಂದೇ ಒಂದು ಪದದ ಅರ್ಥ ಕೇಳಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ನಾನು ‘ಪೂ.ಆ.ವ.’ ಅಂದ ಕೂಡಲೇ ಅವರು ಬಳೆಯ ಡಬ್ಬಿ ಕೆಳಗಿಟ್ಟರು.

‘ಪೂರ್ಣಾವಧಿ ಆರೈಕೆ ವಸತಿ. ಕೆರೆಯಾಚೆ ಹಳದಿ ಕಟ್ಟಡ ಇದೆಯಲ್ಲ, ಅದು. ಅಯ್ಯೋ ಇಂದ್ರಾಣಿ, ಹೂಂ ಅಂದ್ಯಾ?’

ನಾನು ತಲೆ ತಗ್ಗಿಸಿದೆ.

‘ಮೊದಲು ಸಾಮಾನು ಹೋಗುತ್ತೆ. ದಿನಕ್ಕೊಂದು. ಅವನದು ಅಂತ ಇರೋದು ಎಲ್ಲ ಮುಗಿದ ಮೇಲೆ ಅವನು ಹೋಗ್ತಾನೆ. ಅವತ್ತು ನೀನು ಬಾಗಿಲಿಗೆ ಅಡ್ಡ ಮಲಗಿದ್ರೂ ಅವನು ಅಲ್ಲಿರ್ತಾನೆ.’

ನಾನು ಕೆರೆ ಸುತ್ತಿಕೊಂಡು ಆ ಕಟ್ಟಡಕ್ಕೆ ಹೋದೆ. ಅಲ್ಲಿನ ಮೇಲ್ವಿಚಾರಕಿ ನಗುನಗುತ್ತಾ ಒಂದು ಕೋಣೆ ತೋರಿಸಿದಳು. ಮಂಚದ ಕೆಳಗೆ ಅಣ್ಣನ ಚಪ್ಪಲಿ ಜೋಡಿಸಿತ್ತು, ಕಿಟಕಿಯಲ್ಲಿ ಲೋಟ, ಮಂಚದ ಮೇಲೆ ಮಡಿಸಿದ ಕಂಬಳಿ. ಫಿನಾಯಿಲು ಹಾಕಿ ಒರೆಸಿದ ನೆಲ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಟಿವಿಯ ಮುಂದೆ ಕುರ್ಚಿಗಳಲ್ಲಿ ಕೂತಿದ್ದರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಕೆಟ್ಟ ಜಾಗವೇನಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು, ಬೈಯುವುದಕ್ಕೆ ಅಲ್ಲೇನೂ ಇರಲಿಲ್ಲ.

ಮನೆಗೆ ಬಂದು ಅವನ ಸಾಮಾನು ಎಣಿಸಿದೆ. ಅಪ್ಪನ ಹಳೆಯ ಚರ್ಮದ ಬೆಲ್ಟು. ಗಿರಣಿಯಲ್ಲಿ ಅವನು ಕೂರುವ ಮಣೆ. ಹಿಟ್ಟು ಗುಡಿಸುವ ಪೊರಕೆ, ಅದನ್ನು ಅವನು ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಚೌಕುಳಿ ಅಂಗಿ. ಬರೀ ನಾಲ್ಕು. ನಾಲ್ಕು ದಿನ. ತಲೆ ಕೆಟ್ಟವಳ ಹಾಗೆ ಪೇಟೆಗೆ ಹೋಗಿ ಅವನಿಗೆ ಅಂತ ಬಾಚಣಿಗೆ, ಟವೆಲು, ಬನಿಯನ್ನು, ಛತ್ರಿ, ಸಿಕ್ಕಿದ್ದನ್ನೆಲ್ಲ ತಂದು ಅವನ ಮಂಚದ ಮೇಲೆ ಹರಡಿದೆ. ಒಂದೊಂದು ಸಾಮಾನಿಗೆ ಒಂದೊಂದು ದಿನ ಸಿಕ್ಕಿತಲ್ಲ ಅನ್ನುವ ಲೆಕ್ಕ. ಬೆಳಗ್ಗೆ ನೋಡಿದರೆ ಹೊಸ ಸಾಮಾನೆಲ್ಲ ಹಾಗೆಯೇ ಬಿದ್ದಿತ್ತು, ಅಪ್ಪನ ಬೆಲ್ಟು ಹೋಗಿತ್ತು. ನಾನು ತಂದದ್ದು ಯಾವುದೂ ಅವನದಾಗಿರಲಿಲ್ಲ.

ಕಚೇರಿಗೆ ಹೋಗಿ ಬಾಗಿಲಲ್ಲೇ ಕೂಗಾಡಿದೆ. ಜವಾನ ಸಮಾಧಾನವಾಗಿ, ಹೂಂ ಅಂದವರು ಬೇಡ ಅಂದರೆ ನಡೆಯುವುದಿಲ್ಲ ಎಂದ. ಅದು ನನಗೆ ಗೊತ್ತಿಲ್ಲವೇ? ಊರಿಗೆಲ್ಲ ಗೊತ್ತು. ಹೂಂ ಯಾರ ಬಗ್ಗೆ ಅಂದದ್ದೋ ಅವರೇ ಬಾಯಿಬಿಟ್ಟು ಬೇಡ ಅಂದರೆ ಮಾತ್ರ ನಿಲ್ಲುತ್ತದೆ. ನಮ್ಮ ಅಣ್ಣ ಏಳು ವರ್ಷದಿಂದ ಬಾಯಿಬಿಟ್ಟಿಲ್ಲ.

ಆ ಸಂಜೆ ಅವನನ್ನು ಎದುರಿಗೆ ಕೂರಿಸಿಕೊಂಡು, ‘ಬೇಡ ಅನ್ನು, ಅಣ್ಣ. ಬೇ-ಡ. ಅಷ್ಟೇ’ ಎಂದು ಹೇಳಿಕೊಟ್ಟೆ. ಅವನ ತುಟಿ ಅಲುಗಿತು, ಕುತ್ತಿಗೆಯ ನರ ಬಿಗಿಯಿತು, ದನಿ ಹೊರಡಲಿಲ್ಲ. ಬೇಡುತ್ತಾ ಹೇಳಿದೆ, ಗದರಿಸಿ ಹೇಳಿದೆ. ಕೊನೆಗೆ ಅವನೇ ನನ್ನ ಬಾಯಿಯ ಮೇಲೆ ಕೈಯಿಟ್ಟ. ನಾನು ಅತ್ತುಬಿಟ್ಟೆ.

ಮರುದಿನ ಮಣೆ ಹೋಯಿತು. ಅವತ್ತು ಅವನು ಗಿರಣಿಯಲ್ಲಿ ನಿಂತೇ ಕೆಲಸ ಮಾಡಿದ. ಆಪಾ ನೋಟ್‌ಬುಕ್ಕು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಗಿರಣಿಯ ಸದ್ದಿನಲ್ಲಿ ಕಿವಿಯ ಹತ್ತಿರ ಕೂಗಿ ಹೇಳಿದರು: ‘ಬಿಡಿಸಿ ಓದಿ ಅಂತ ಕೇಳು. ಯಾರಾದ್ರೂ ಹಾಗೆ ಕೇಳಿದ್ರೆ ಇಡೀ ಫೈಲು ಮೊದಲಿನಿಂದ, ಒಂದೊಂದು ಪದವೂ ಪೂರ್ತಿ, ಓದಿ ಹೇಳಲೇಬೇಕು ಅಂತ ನಿಯಮ ಇದೆ. ಕೇಳಿದವರು ಇಲ್ಲ ಅಷ್ಟೇ. ಎಲ್ಲಿ ಹೇಗೆ ತಪ್ಪಿದೀವಿ ಅಂತ ಆದ್ರೂ ಗೊತ್ತಾಗುತ್ತೆ.’

ಇನ್ನೊಂದು ಸಭೆಗೆ ಕೇಳಿಕೊಂಡೆ; ಕಚೇರಿ ನನಗೆ ಕೊಟ್ಟ ದಿನ ಅಣ್ಣನ ಸಾಮಾನಿನ ಲೆಕ್ಕದಲ್ಲಿ ಕೊನೆಯ ದಿನವೇ ಆಗಿತ್ತು. ಹಿಂದಿನ ದಿನ ಪೊರಕೆ ಹೋಗಿತ್ತು. ಅವತ್ತು ಬೆಳಗ್ಗೆ ತಂತಿಯ ಮೇಲೆ ಒಣಗಲು ಹಾಕಿದ್ದ ಚೌಕುಳಿ ಅಂಗಿ ಇರಲಿಲ್ಲ, ಕ್ಲಿಪ್ಪುಗಳು ಮಾತ್ರ ಇದ್ದವು. ಬರಿಗಾಲಿನಲ್ಲಿ, ನಾನು ಕೊಂಡು ತಂದ ಗರಿಗರಿ ಬನಿಯನ್ನಿನಲ್ಲಿ ಅವನನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನ ಮಣಿಕಟ್ಟು ಬಿಡಲಿಲ್ಲ.

‘ಬಿಡಿಸಿ ಓದಿ’ ಅಂದೆ. ಚಿದಾನಂದಯ್ಯ ಕನ್ನಡಕ ತೆಗೆದು ಒರೆಸಿದರು. ‘ಪೂರ್ತಿನಾ?’

‘ಪೂರ್ತಿ.’

ಅವರು ಶುರುಮಾಡಿದರು. ಎರಡನೆಯ ಸಾಲಿಗೇ ತಡವರಿಸಿದರು. ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಹುಡುಕಬೇಕಾಯಿತು. ‘ಇಪ್ಪತ್ತೆರಡು ವರ್ಷದಿಂದ ಬರೀತಿದೀನಿ, ನನಗೂ ಕೆಲವು ಮರೆತೇ ಹೋಗಿದೆ’ ಎಂದು ಕೆಂಪಗಾದರು. ದೈ.ಜೀ.ಚ. ಅಂದರೆ ದೈನಂದಿನ ಜೀವನದ ಚಟುವಟಿಕೆ.

‘ಸ್ನಾನ, ಊಟ, ಬಟ್ಟೆ ಹಾಕ್ಕೊಳ್ಳೋದಾ?’

‘ಅದೇ.’

ಇಷ್ಟಕ್ಕೆ ನಾನು ವರ್ಷಗಟ್ಟಲೆ ಬೆವರಿದೆನಲ್ಲ ಅನಿಸಿತು. ಸಾ.ಭಾ. ಕಡಿಮೆ ಅಂದರೆ ಸಾಮಾಜಿಕ ಭಾಗವಹಿಸುವಿಕೆ ಕಡಿಮೆ. ನನ್ನ ಪಿತ್ತ ನೆತ್ತಿಗೇರಿತು. ‘ಊರಿನ ಅರ್ಧ ಮನೆ ಡಬ್ಬ ಇವನ ಕೈಯಲ್ಲಿ ಹಾದು ಹೋಗುತ್ತೆ ಸ್ವಾಮಿ, ನಿಮ್ಮ ಮನೇದೂ ಸೇರಿ. ಇನ್ನೆಷ್ಟು ಭಾಗವಹಿಸಬೇಕು?’ ಅವರು ಅದನ್ನು ಹೊಡೆದುಹಾಕಿ ಸರಿ ಮಾಡಿದರು. ನನಗೆ ಧೈರ್ಯ ಬಂತು. ಹೀಗೆಯೇ ಎಲ್ಲಾ ಸರಿಹೋಗುತ್ತದೆ ಎಂದುಕೊಂಡೆ.

ಏಳು ವರ್ಷ ಹಿಂದಿನ ಹಾಳೆ ಬಂತು. ತಾರೀಕು ನೋಡಿದೆ, ಅಮ್ಮ ಹೋಗಿ ಹದಿನಾರನೆಯ ದಿನ. ಆ ಸಭೆ ನನಗೆ ಸರಿಯಾಗಿ ನೆನಪೂ ಇಲ್ಲ. ‘ಪ.ಮಾ. ತಂಗಿ’ ಎಂದು ಎರಡೇ ಪದ, ಪಕ್ಕದಲ್ಲಿ ‘ಹೂಂ ಅಂದಿದ್ದಾರೆ’ ಎಂಬ ಗುರುತು. ಚಿದಾನಂದಯ್ಯ ಪುಸ್ತಕದಲ್ಲಿ ಬೆರಳಾಡಿಸಿದರು.

‘ಪರವಾಗಿ ಮಾತು’ ಎಂದು ಓದಿದರು. ‘ಇನ್ನು ಮುಂದೆ ಇವರ ಮಾತುಗಳನ್ನೆಲ್ಲ ಇವರ ಪರವಾಗಿ ತಂಗಿಯೇ ಆಡತಕ್ಕದ್ದು.’

ಚಿದಾನಂದಯ್ಯ ಅಣ್ಣನನ್ನು ನೋಡಿದರು, ಆಮೇಲೆ ನನ್ನನ್ನು. ಅವರಿಗೂ ಆಗಲೇ ಹೊಳೆದದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

ದುಃಖ ಅಲ್ಲ. ನಾನು. ಅಣ್ಣನ ಮಾತು ತೆಗೆದುಕೊಂಡವಳು ನಾನು. ಏಳು ವರ್ಷ ಅವನು ಬಾಯಿ ತೆರೆದಾಗಲೆಲ್ಲ ದನಿ ಬರುತ್ತಿರಲಿಲ್ಲ, ಅದೇ ಹೊತ್ತಿಗೆ ಪಕ್ಕದಲ್ಲಿ ನಾನು ವಟವಟ ಮಾತಾಡುತ್ತಾ ಅವನಿಗೆ ಇದು ಇಷ್ಟ, ಅದು ಇಷ್ಟವಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದೆ. ಅಣ್ಣನ ಕಡೆ ತಿರುಗಲು ನಾಚಿಕೆಯಾಯಿತು. ತಿರುಗಿದೆ. ಅವನು ಆ ಹಾಳೆಯನ್ನೇ ನೋಡುತ್ತಿದ್ದ.

‘ಇದನ್ನ ತೆಗೀರಿ’ ಅಂದೆ.

‘ತೆಗೀಬಹುದು. ಪ.ಮಾ., ಅಲ್ಲ, ಪರವಾಗಿ ಮಾತು ನಿಮ್ಮ ತಲೆ ಮೇಲಿರೋ ಕೆಲಸ, ಆ ಹೂಂ ನಿಮ್ಮ ಬಗ್ಗೆನೇ ಅಂದದ್ದು. ನೀವು ಬೇಡ ಅಂದ್ರೆ ಹೋಗುತ್ತೆ.’ ಅವರು ಪೆನ್ನು ಕೆಳಗಿಟ್ಟರು. ‘ಆದರೆ ಯೋಚನೆ ಮಾಡಿ ಅಮ್ಮ. ಆಮೇಲೆ ಇವರ ವಿಷಯದಲ್ಲಿ ನೀವು ಬಾಯಿ ಹಾಕೋ ಹಾಗಿಲ್ಲ. ತಲೆ ಅಲ್ಲಾಡಿಸೋ ಹಾಗೂ ಇಲ್ಲ. ನಾನು ಕೇಳ್ತೀನಿ, ಇವರು ಹೇಳಬೇಕು. ಸುಮ್ಮನೆ ಕೂತ್ರೆ ಇವತ್ತು ಸಂಜೆಗೆ ಹೋಗೇ ಹೋಗ್ತಾರೆ. ಅದೇ ನೀವು ಪರವಾಗಿ ಮಾತು ಇಟ್ಕೊಂಡ್ರೆ, ಅಲ್ಲಿಗೆ ಹೋದ ಮೇಲೂ ಇವರಿಗೆ ಏನು ಬೇಕು ಬೇಡ ಅಂತ ನೀವೇ ಹೇಳಬಹುದು. ಭಾನುವಾರ ಭಾನುವಾರ ಹೋಗಿ ನೋಡಬಹುದು.’

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಏಳು ವರ್ಷ ಬಳಸದ ದನಿ ಬರುತ್ತದೆಯೋ ಇಲ್ಲವೋ. ಬಂದರೂ ಅವನು ಗಾಬರಿಯಲ್ಲಿ ಹೂಂ ಅಂದುಬಿಟ್ಟರೆ? ಭಾನುವಾರಗಳಾದರೂ ಇರುತ್ತವಲ್ಲ ಎಂದು ಮನಸ್ಸು ಆಸೆಪಟ್ಟಿತು. ಅಷ್ಟರಲ್ಲಿ ನನ್ನ ಕೈ ನೋಡಿಕೊಂಡೆ. ಮನೆಯಿಂದ ಹಿಡಿದ ಅವನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ನನ್ನ ಬೆರಳಿನ ಗುರುತು ಅವನ ಚರ್ಮದ ಮೇಲೆ ಕೆಂಪಗೆ ಮೂಡಿತ್ತು.

ಕೈ ಬಿಟ್ಟೆ. ‘ಬೇಡ’ ಅಂದೆ. ‘ಇವನ ಮಾತು ನನಗೆ ಬೇಡ.’

ಅಣ್ಣ ಒಂದು ಸಲ ಕೆಮ್ಮಿದ. ಅಷ್ಟೇ ಆದದ್ದು.

ಚಿದಾನಂದಯ್ಯ ಕುರ್ಚಿಯನ್ನು ಅವನ ಕಡೆ ಎಳೆದುಕೊಂಡರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ‘ಪರಮೇಶಿ ಅವರೇ’ ಅಂದರು. ಅಲ್ಲಿಯವರೆಗೆ ಅವರು ಅವನ ಹೆಸರು ಹಿಡಿದು ಮಾತಾಡಿಸಿದ್ದು ನಾನು ಕೇಳಿರಲಿಲ್ಲ. ‘ಕೆರೆಯಾಚೆ ಒಂದು ಹಳದಿ ಮನೆ ಇದೆ. ಇವತ್ತಿನಿಂದ ನೀವು ಅಲ್ಲಿ ಇರೋದು ಅಂತ ಆಗಿದೆ. ಮಲಗೋದು, ಏಳೋದು, ಊಟ ಎಲ್ಲ ಅಲ್ಲೇ. ನಿಮ್ಮ ತಂಗಿ ಅಲ್ಲಿರಲ್ಲ. ಗಿರಣಿ ಅಲ್ಲಿರಲ್ಲ. ನಿಮಗೆ ಇದು ಆಗಬಹುದಾ?’

ಅವನು ನನ್ನ ಕಡೆ ನೋಡಿದ. ನನ್ನ ಕುತ್ತಿಗೆ ತಾನಾಗಿಯೇ ಆಡಲು ಹೊರಟಿತು, ಬಿಗಿಹಿಡಿದು ನಿಲ್ಲಿಸಿದೆ. ಕಣ್ಣನ್ನೂ ಮುಚ್ಚಿಕೊಂಡೆ, ಕಣ್ಣಿನಲ್ಲಿ ಏನಾದರೂ ಹೇಳಿಬಿಟ್ಟೇನು ಎಂದು. ಗೋಡೆಯ ಗಡಿಯಾರ ಕೇಳುತ್ತಿತ್ತು. ಇಷ್ಟು ಹೊತ್ತು ಯಾರಾದರೂ ಸುಮ್ಮನಿರುತ್ತಾರೆಯೇ? ಎಲ್ಲಾ ಮುಗಿಯಿತು ಅಂದುಕೊಂಡೆ. ನನ್ನ ಕೈಯಾರೆ ಮುಗಿಸಿದೆ.

‘ಅಲ್ಲಿ’ ಎಂಬ ದನಿ ಕೇಳಿಸಿತು. ಒಡಕು ದನಿ, ಗುರುತು ಸಿಗದಷ್ಟು ದಪ್ಪ. ‘ಅಲ್ಲಿ... ನನಗೆ... ಏನು ಕೆಲಸ?’

ಚಿದಾನಂದಯ್ಯ ಹಾಳೆ ತಿರುವಿದರು, ಮತ್ತೆ ತಿರುವಿದರು. ‘ಕೆಲಸ ಅಂತ ಏನೂ ಬರೆದಿಲ್ಲ. ಆರಾಮವಾಗಿ ಕೂತಿರಬಹುದು.’

‘ಹಾಗಾದ್ರೆ ಬೇಡ.’

ನಾನು ಜೋರಾಗಿ ಅತ್ತೆ. ಅಳುವುದಕ್ಕೆ ಯಾವ ನಿಯಮವೂ ಅಡ್ಡಿಯಿರಲಿಲ್ಲ. ಚಿದಾನಂದಯ್ಯನವರೂ ಮೂಗು ಒರೆಸಿಕೊಂಡು, ‘ಬೇಡ ಅಂದಿದ್ದಾರೆ’ ಎಂದು ಪೂರ್ತಿ ಅಕ್ಷರದಲ್ಲಿ ಬರೆದರು. ಆಮೇಲೆ ಫೈಲು ಮುಚ್ಚುವ ಮೊದಲು, ಬರೀ ಸಾಲು ತುಂಬಲು ಅನ್ನುವ ಹಾಗೆ, ‘ಸರಿ, ಹಾಗಾದ್ರೆ ತಂಗಿ ಮನೇಲೇ ಇರ್ತೀರಾ?’ ಎಂದು ಕೇಳಿದರು.

ಹೂಂ ಅನ್ನುತ್ತಾನೆ ಎಂದು ನಾನು ಆಗಲೇ ಸೆರಗು ಸರಿಮಾಡಿಕೊಂಡು ಎದ್ದಿದ್ದೆ.

ಅಣ್ಣ ಏಳಲಿಲ್ಲ. ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ಚಾವಣಿ ನೋಡಿದ. ‘ಯೋಚ್ನೆ ಮಾಡ್ತೀನಿ’ ಅಂದ. ‘ಒಂದ್ ವಾರ.’

ಹೀಗಾಗಿ ನಾನೀಗ ಕಾಯುತ್ತಿದ್ದೇನೆ. ಕೆರೆಯಾಚೆ ಹೋದ ಅವನ ಸಾಮಾನು ಒಂದೊಂದಾಗಿ ವಾಪಸು ಬರುತ್ತಿದೆ. ಒಳಗೆ ಮಾತ್ರ ಬರುವುದಿಲ್ಲ, ಜಗುಲಿಯ ಮೇಲೆ ಕೂತಿರುತ್ತದೆ. ಎತ್ತಿ ಒಳಗಿಡಲು ನನಗೆ ಧೈರ್ಯವಿಲ್ಲ. ಅಣ್ಣ ದಿನಕ್ಕೆ ಹತ್ತು ಹನ್ನೆರಡು ಮಾತಾಡುತ್ತಾನೆ, ಅಷ್ಟಕ್ಕೇ ದನಿ ಸೋಲುತ್ತದೆ. ಮೊದಲ ದಿನ, ನನ್ನ ಅನ್ನ ನೀನು ಕಲಸಬೇಡ ಅಂದ. ಎರಡನೆಯ ದಿನ, ಕೋಣೆಗೆ ಬರುವಾಗ ಬಾಗಿಲು ತಟ್ಟು ಅಂದ. ಮೂರನೆಯ ದಿನ ಗಿರಣಿಯಲ್ಲಿ, ಜನರ ಎದುರು ನನ್ನ ಬಗ್ಗೆ ನಾನಿಲ್ಲದ ಹಾಗೆ ಮಾತಾಡಬೇಡ ಅಂದ. ಅಷ್ಟುದ್ದ ಮಾತಿಗೆ ಅವನಿಗೆ ಎರಡು ಡಬ್ಬ ಗೋಧಿ ಬೀಸುವಷ್ಟು ಹೊತ್ತು ಹಿಡಿಯಿತು, ನಾನು ನಡುವೆ ಒಂದು ಪದವನ್ನೂ ಎತ್ತಿಕೊಡಲಿಲ್ಲ. ನಿನ್ನೆ ಜುಲೇಖಾ ಆಪಾ ಬಂದು, ಬಳೆ ಅಂಗಡಿಯ ಮೇಲಿನ ಕೋಣೆ ಖಾಲಿ ಇದೆಯಾ ಎಂದು ಅವನು ಕೇಳಿಕೊಂಡು ಹೋದ ಸುದ್ದಿ ಹೇಳಿದರು. ಹೇಳಿ ನನ್ನ ಮುಖ ನೋಡಿದರು. ಕಿಟಕಿ ಇರುವ ಕೋಣೆಯೋ, ಇಲ್ಲದ್ದೋ ಎಂದು ಕೇಳಿದೆ.

ಇವತ್ತು ಐದನೆಯ ದಿನ. ಮಧ್ಯಾಹ್ನ ತಡೆಯಲಾರದೆ, ಬಾಗಿಲು ತಟ್ಟಿ, ‘ಏನಾದ್ರೂ ತೀರ್ಮಾನ ಮಾಡ್ದ್ಯಾ ಅಣ್ಣ?’ ಎಂದು ಕೇಳಿದೆ.

‘ಇನ್ನೂ ಎರಡು ದಿನ ಇದೆ’ ಅಂದ.